ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದದ್ದರ ಹಿನ್ನೆಲೆ: ಮಧುಗಿರಿಯಿಂದ ನೋಡಿದಾಗ ಶಿಕ್ಷಣ ಸಚಿವರ ಮೊದಲ ವರ್ಷಗಳು

ತುಮಕೂರು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದು ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಪಾವಗಡ, ಶಿರಾ ಮತ್ತು ಕೊರಟಗೆರೆ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾದರೆ, ಉಳಿದ ಆರು ತಾಲ್ಲೂಕುಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೂ ಶೈಕ್ಷಣಿಕ ಜಿಲ್ಲೆಗಳು 35 ಇರುವುದು ಬೆಂಗಳೂರು, ಚಿಕ್ಕೋಡಿ ಮತ್ತು ಶಿರಸಿಗಳ ಜೊತೆಗೆ ಇಂಥದೇ ಒಂದು ವಿಭಜನೆ ಇಲ್ಲಿಯೂ ಆಗಿರುವುದರಿಂದ. ಹೀಗಾಗಿ ಪ್ರತಿ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಈ ಸೀಮೆಯ ಜನ ಒಂದರ ಬದಲು ಎರಡು ಶೇಕಡಾವಾರುಗಳನ್ನು ಹೋಲಿಸಿ ನೋಡುತ್ತಾರೆ. ಉಪನಿರ್ದೇಶಕರಿಂದ ಹಿಡಿದು ಮುಖ್ಯ ಶಿಕ್ಷಕರವರೆಗೆ ಎಲ್ಲರ ಮಾನ ಅಪಮಾನಗಳು ಆ ದಶಮಾಂಶಕ್ಕೆ ಅಂಟಿಕೊಂಡಿವೆ. 2020ರ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಮೊದಲ ಸ್ಥಾನ, ಬೆಂಗಳೂರು ಗ್ರಾಮಾಂತರ ಎರಡನೆಯದು, ಮಧುಗಿರಿ ಮೂರನೆಯದು ಎಂದು ಬಂದಾಗ ಬಯಲುಸೀಮೆಯಲ್ಲಿ ಆದ ಸಂಭ್ರಮ ಸಣ್ಣದಲ್ಲ.

ಅದೇ ಶೇಕಡಾವಾರು ಒಬ್ಬ ಶಿಕ್ಷಣ ಸಚಿವರ ಆರಂಭದ ವರ್ಷಗಳನ್ನು ಅಳೆಯುವ ಕೋಲೂ ಆಗಿಬಿಟ್ಟಿದೆ. ಮಧು ಬಂಗಾರಪ್ಪ ಅವರು 2023ರ ಮೇ 27ರಂದು ಸಂಪುಟ ಸೇರಿ ಶಾಲಾ ಶಿಕ್ಷಣ ಖಾತೆಯನ್ನು ವಹಿಸಿಕೊಂಡಾಗ, ಅದೇ ತಿಂಗಳು ಪ್ರಕಟವಾಗಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. ಎರಡು ವರ್ಷಗಳ ಬಳಿಕ, 2025ರ ಮೇ 2ರಂದು ಪ್ರಕಟವಾದ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಕೇವಲ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಶಿಕ್ಷಣ ಹಳ್ಳ ಹಿಡಿಯಿತು ಎಂದೇ ತೀರ್ಮಾನಿಸಿದರು. ಆದರೆ ಮೊದಲನೆಯ ಅಂಕಿ ಎಲ್ಲಿಂದ ಬಂತು ಎಂಬುದನ್ನು ಕೇಳದೆ ಎರಡನೆಯದರ ಬಗ್ಗೆ ಏನನ್ನೂ ಹೇಳಲಾಗದು.

ಅದಕ್ಕಾಗಿ ಹಿಂದಿನ ಸಚಿವರ ಕಾಲಕ್ಕೆ, ಇದೇ ಜಿಲ್ಲೆಯ ತಿಪಟೂರಿಗೆ ಹೋಗಬೇಕು. ತಿಪಟೂರಿನ ಶಾಸಕರಾಗಿದ್ದ ಬಿ.ಸಿ. ನಾಗೇಶ್ ಅವರು 2021ರ ಆಗಸ್ಟ್ 4ರಂದು ಪ್ರಮಾಣವಚನ ಸ್ವೀಕರಿಸಿದರು. ಖಾತೆ ಕೈಗೆ ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 9ರಂದು, ಅವರು ಪ್ರಕಟಿಸಿದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 99.99. ಕೋವಿಡ್ ಎರಡನೆಯ ಅಲೆಯ ನಡುವೆ, ಸುರೇಶ್ ಕುಮಾರ್ ಅವರು ಸಚಿವರಾಗಿದ್ದಾಗ, ಆರು ವಿಷಯಗಳ ಪರೀಕ್ಷೆಯನ್ನು ಎರಡು ದಿನಗಳ ಬಹು ಆಯ್ಕೆ ಪ್ರಶ್ನೆಗಳಿಗೆ ಇಳಿಸಿ, ಹಾಜರಾದವರನ್ನೆಲ್ಲ ಉತ್ತೀರ್ಣಗೊಳಿಸುವ ತೀರ್ಮಾನವಾಗಿತ್ತು. ಆ ವರ್ಷದ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ ಇರಬಹುದು, ಏಕೆಂದರೆ ತಿಂಗಳುಗಟ್ಟಲೆ ಶಾಲೆಯ ಮುಖ ಕಾಣದ ಮಕ್ಕಳಿಗೆ ಅನುತ್ತೀರ್ಣ ಎಂಬ ಮುದ್ರೆ ಒತ್ತುವುದು ಯಾವ ನ್ಯಾಯ? 2022–23ನೆಯ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ಶಾಲೆಗಳನ್ನು ವಾಡಿಕೆಗಿಂತ ಎರಡು ವಾರ ಮೊದಲೇ, ಮೇ 16ರಂದು ತೆರೆದದ್ದು ನಾಗೇಶ್ ಅವರ ಕಾಲದಲ್ಲಿಯೇ. ಆದರೆ ಕೋವಿಡ್ ರಿಯಾಯಿತಿಗಳು ಕೋವಿಡ್ ಜೊತೆಗೆ ಹೋಗಲಿಲ್ಲ. ಸ್ವಲ್ಪದರಲ್ಲಿ ಅನುತ್ತೀರ್ಣರಾಗುವವರನ್ನು ದಾಟಿಸಲು ಸೇರಿಸುವ ಕೃಪಾಂಕದ ಮಿತಿ ಶೇ 10ಕ್ಕೆ ಏರಿದ್ದು ಹಾಗೆಯೇ ಉಳಿಯಿತು. 2022ರಲ್ಲಿ ಶೇ 85.63, 2023ರಲ್ಲಿ ಶೇ 83.89 ಎಂಬ ಫಲಿತಾಂಶಗಳು ಬಂದದ್ದು ಈ ಹಿನ್ನೆಲೆಯಲ್ಲಿ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಚಿತ್ರ ಸ್ಪಷ್ಟವಾಗುತ್ತದೆ. 2017ರಲ್ಲಿ ಫಲಿತಾಂಶ ಶೇ 67.87, 2018ರಲ್ಲಿ 71.93, 2019ರಲ್ಲಿ 73.70, 2020ರಲ್ಲಿ 71.80. ಅಂದರೆ ಕೋವಿಡ್‌ಗೆ ಮೊದಲು ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಮಕ್ಕಳು ಮೊದಲ ಯತ್ನದಲ್ಲಿ ಉತ್ತೀರ್ಣರಾಗುತ್ತಿದ್ದರು. ಎಂಬತ್ತರ ಮೇಲಿನ ಅಂಕಿ ಈ ಸಾಲಿನಲ್ಲಿ ಹೊರಗಿನದು, ಅರವತ್ತಾರು ಅಷ್ಟೇನೂ ಹೊರಗಿನದಲ್ಲ. ಎರಡು ವರ್ಷ ತಗ್ಗಿದ್ದ ಬೇಲಿಯನ್ನೇ ನಿಜವಾದ ಎತ್ತರ ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು.

ಹೊಸ ಸಚಿವರ ಮೊದಲ ವರ್ಷಗಳಲ್ಲಿ ಬೇಗ ಆದ ಕೆಲಸಗಳು ಹಲವು. ಪಠ್ಯಪುಸ್ತಕದ ವಿಚಾರವನ್ನು ಮೂರೇ ವಾರದೊಳಗೆ, 2023ರ ಜೂನ್ 15ರ ಸಂಪುಟ ಸಭೆಯಲ್ಲಿ ಕೈಗೆತ್ತಿಕೊಂಡು, ಹಿಂದಿನ ಸರ್ಕಾರದ ಪರಿಷ್ಕರಣೆಯ ಕೆಲವು ಪಾಠಗಳನ್ನು ತೆಗೆಯಲಾಯಿತು. ಈ ಜಗಳದಲ್ಲಿ ತುಮಕೂರಿನವರಿಗೆ ಒಂದು ಸ್ವಾರಸ್ಯವಿದೆ: ಅದಕ್ಕೂ ಹಿಂದಿನ ಪರಿಷ್ಕರಣೆಯ ನೇತೃತ್ವ ವಹಿಸಿದ್ದ ಬರಗೂರು ರಾಮಚಂದ್ರಪ್ಪನವರು ಶಿರಾ ತಾಲ್ಲೂಕಿನ ಬರಗೂರಿನವರು, ಅದನ್ನು ಬದಲಿಸಿದ ಕಾಲದ ಸಚಿವರು ತಿಪಟೂರಿನವರು. ಊಟದ ವಿಚಾರದಲ್ಲಿ ಪ್ರಗತಿ ಹೆಚ್ಚು ಗಟ್ಟಿಯಾದದ್ದು. ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ, 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಆರು ದಿನಗಳಿಗೆ ಏರಿತು. ಮೂರು ವರ್ಷಗಳಿಗೆ ಪ್ರತಿಷ್ಠಾನ ಒಪ್ಪಿಕೊಂಡ ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಹಾಲಿನೊಂದಿಗೆ ಬೆರೆಸಿ ಕೊಡುವ ರಾಗಿ ಮಾಲ್ಟ್ 2024ರ ಫೆಬ್ರುವರಿಯಲ್ಲಿ ಆರಂಭವಾದದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ಅನ್ನಪೂರ್ಣ ಟ್ರಸ್ಟ್‌ನ ಸಹಯೋಗದಲ್ಲಿ. ಸಿದ್ಧಗಂಗೆಯ ದಾಸೋಹ ಕಂಡ ಜಿಲ್ಲೆಗೆ, ಮಕ್ಕಳು ಶಾಲೆಯಲ್ಲಿ ಉಳಿಯುವುದಕ್ಕೂ ಅನ್ನಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಅವಧಿಯ ಅತ್ಯಂತ ದೊಡ್ಡ ಬದಲಾವಣೆ ನಡೆದದ್ದು ಪರೀಕ್ಷಾ ಕೊಠಡಿಯಲ್ಲಿ. ಪೂರಕ ಪರೀಕ್ಷೆ ಎಂಬ ಹೆಸರನ್ನೇ ಕೈಬಿಟ್ಟು, 2023–24ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸಿ, ಮೂರರಲ್ಲಿ ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶ ಕೊಡಲಾಯಿತು. ಒಂದು ಬಾರಿ ಎಡವಿದ ಮಗುವಿಗೆ ವರ್ಷ ಹಾಳಾಗದಂತೆ ನೋಡಿಕೊಳ್ಳುವ ಈ ಕ್ರಮ ಒಳ್ಳೆಯದು. ಅದಕ್ಕಾಗಿ ಬೇಸಿಗೆ ರಜೆಯಲ್ಲಿ ವಿಶೇಷ ತರಗತಿ ನಡೆಸಬೇಕೆಂಬ ಆದೇಶಕ್ಕೆ ಶಿಕ್ಷಕರ ಸಂಘಟನೆಗಳು ಆಕ್ಷೇಪ ಎತ್ತಿದ್ದೂ ಸಹಜವೇ. ಇದರ ಜೊತೆಗೆ 2024ರ ಮಾರ್ಚ್ 25ರಂದು ಆರಂಭವಾದ ಪರೀಕ್ಷೆ–1ರಲ್ಲಿ ವೆಬ್‌ಕಾಸ್ಟಿಂಗ್ ಬಂತು. ಕೇಂದ್ರಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರುವುದು ಹೊಸದಲ್ಲ. ಅದರಲ್ಲಿ ದಾಖಲಾದುದನ್ನು ದೂರು ಬಂದ ಮೇಲೆ ನೋಡುವುದು, ದೂರು ಬರದಿದ್ದರೆ ನೋಡದಿರುವುದು ಹಳೆಯ ಪದ್ಧತಿ. ಈ ಬಾರಿ ಕೊಠಡಿಯ ದೃಶ್ಯ ಆ ಕ್ಷಣದಲ್ಲಿಯೇ ಜಿಲ್ಲಾ ಕೇಂದ್ರದ ಪರದೆಯ ಮೇಲೆ ಮೂಡುತ್ತಿತ್ತು. ಕೊಠಡಿಯೊಳಗೆ ಚೀಟಿ ತರುವವರಿಗೆ ಮಾತ್ರವಲ್ಲ, ಒಂದು ಅಂಕದ ಪ್ರಶ್ನೆಗಳ ಉತ್ತರವನ್ನು ಮೆಲ್ಲಗೆ ಹೇಳಿ ಹೋಗುವ ದೊಡ್ಡವರಿಗೂ ಅದು ತಡೆಯಾಯಿತು. ನಕಲು ಎಂದಾಗ ನಾವು ಮಕ್ಕಳನ್ನಷ್ಟೇ ಬೈಯುತ್ತೇವೆ. ಶಾಲೆಯ ಫಲಿತಾಂಶದ ಭಯಕ್ಕೆ ಬಿದ್ದು ಕಣ್ಣು ಮುಚ್ಚಿಕೊಳ್ಳುವ ವ್ಯವಸ್ಥೆಯ ಬಗ್ಗೆ ಮಾತಾಡುವುದು ಕಡಿಮೆ.

ಮೇ 9ರಂದು ಫಲಿತಾಂಶ ಬಂದಾಗ ಶೇ 73.40 ಎಂದು ಪ್ರಕಟವಾಯಿತು. ಹಾಜರಾದ 8,59,967 ವಿದ್ಯಾರ್ಥಿಗಳಲ್ಲಿ 6,31,204 ಮಂದಿ ಉತ್ತೀರ್ಣರು. ಹತ್ತು ಅಂಶಗಳ ಈ ಇಳಿಕೆಯೇ ಸುದ್ದಿಯಾಯಿತು, ಆದರೆ ಅದರ ಕೆಳಗೆ ಇನ್ನೊಂದು ಇಳಿಕೆ ಅಡಗಿತ್ತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಹೆಚ್ಚಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದ ಮೇಲೆ ದೊರೆತ ಅಂಕಿ ಅದು. ಹಾಗೆ ಮಾಡದಿದ್ದರೆ ಫಲಿತಾಂಶ ಐವತ್ತರ ಮೇಲೆ ಸ್ವಲ್ಪದರಲ್ಲಿಯೇ ನಿಲ್ಲುತ್ತಿತ್ತು, ಸುಮಾರು 1.70 ಲಕ್ಷ ಮಕ್ಕಳು ಕೃಪಾಂಕದ ಬಲದಿಂದಲೇ ದಾಟಿದರು. ಇದಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು, ಮುಂದಿನ ವರ್ಷದಿಂದ ಅದು ನಿಂತಿತು. ನನ್ನ ದೃಷ್ಟಿಯಲ್ಲಿ, ವೆಬ್‌ಕಾಸ್ಟಿಂಗ್ ಈ ಸಚಿವರ ಅವಧಿಯ ಅತ್ಯಂತ ದಿಟ್ಟ ಕೆಲಸ, ಅದರ ಬೆನ್ನಿಗೇ ಬಂದ ಕೃಪಾಂಕ ಅಷ್ಟೇ ದೊಡ್ಡ ಹಿಂಜರಿಕೆ. ಹಾಗೆ ನೋಡಿದರೆ 2025ರ ಶೇ 66.14, ಹೊಸದಾಗಿ ಪರೀಕ್ಷೆ ಬರೆದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಆ ಅಂಕಿ, 2024ರದಕ್ಕಿಂತ ಕಡಿಮೆಯಾಗಿ ಕಂಡರೂ ವಾಸ್ತವದಲ್ಲಿ ಸುಧಾರಣೆ. ಕ್ಯಾಮೆರಾ ಇದೆಯೆಂದು ಮೊದಲೇ ತಿಳಿದಿದ್ದ ಶಾಲೆಗಳು ಒಂದು ವರ್ಷ ತಯಾರಿ ನಡೆಸಿದ್ದವು, ಹೆಚ್ಚುವರಿ ಕೃಪಾಂಕವಿಲ್ಲದೆ ಮಕ್ಕಳು ಅಲ್ಲಿಗೆ ಮುಟ್ಟಿದರು. ಪತ್ರಿಕೆಗಳ ತಲೆಬರಹದಲ್ಲಿ ಮಾತ್ರ ಅದು ಇನ್ನೊಂದು ಕುಸಿತವಾಗಿ ಅಚ್ಚಾಯಿತು.

ಜಿಲ್ಲಾವಾರು ಪಟ್ಟಿ ಹೇಳುವ ಮಾತು ಬಯಲುಸೀಮೆಯವರಾದ ನಮಗೆ ಸ್ವಲ್ಪ ಕಹಿ. 2017 ಮತ್ತು 2018ರಲ್ಲಿ ಉಡುಪಿ ಮೊದಲ ಸ್ಥಾನದಲ್ಲಿತ್ತು. 2019ರಲ್ಲಿ ಹಾಸನ, 2020ರಲ್ಲಿ ಚಿಕ್ಕಬಳ್ಳಾಪುರ, 2023ರಲ್ಲಿ ಚಿತ್ರದುರ್ಗ ಮುಂದೆ ಬಂದವು. ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಮತ್ತೆ ಮೇಲೇರಿದವು, 2025ರಲ್ಲಿ ಅವೆರಡೂ ಸ್ಥಾನ ಬದಲಿಸಿಕೊಂಡವು. ಇದರಿಂದ ನಡುವಿನ ವರ್ಷಗಳಲ್ಲಿ ಮೇಲೆ ಬಂದ ಜಿಲ್ಲೆಗಳೆಲ್ಲ ನಕಲು ಮಾಡಿದವು ಎಂದು ಹೇಳಿದರೆ ಅದು ಅನ್ಯಾಯ. ಕತ್ತಲಾದ ಮೇಲೂ ಶಾಲೆಯಲ್ಲಿ ಗುಂಪು ಅಧ್ಯಯನ ನಡೆಸಿ, ಪಾಸಿಂಗ್ ಪ್ಯಾಕೇಜ್ ಮಾಡಿಕೊಟ್ಟು, ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಂಡು ದುಡಿದ ಶಾಲೆಗಳು ಈ ಭಾಗದಲ್ಲಿಯೂ ಇವೆ. ಆದರೆ ಪಾಸಿಂಗ್ ಪ್ಯಾಕೇಜ್ ಎಂಬ ಮಾತೇ ಒಂದು ಒಪ್ಪಿಗೆಯಲ್ಲವೆ? ಒಂಬತ್ತನೆಯ ತರಗತಿಯವರೆಗೆ ಸರಾಗ ಓದಲು ಕಲಿಯದ ಮಗುವಿಗೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಖಚಿತವಾಗಿ ಬರುವ ಪ್ರಶ್ನೆಗಳನ್ನಷ್ಟೇ ಬಾಯಿಪಾಠ ಮಾಡಿಸುತ್ತೇವೆ ಎಂಬುದೇ ಅದರ ಅರ್ಥ.

ಆ ಮಗುವನ್ನು ಮೊದಲೇ ಗುರುತಿಸಬೇಕೆಂದು ಎರಡೂ ಸರ್ಕಾರಗಳು ಕೆಳಗಿನ ತರಗತಿಗಳಿಗೂ ಮಂಡಳಿ ಮಟ್ಟದ ಪರೀಕ್ಷೆ ತರಲು ಹೋದವು. ನಾಗೇಶ್ ಅವರ ಕಾಲದಲ್ಲಿ 5 ಮತ್ತು 8ನೆಯ ತರಗತಿಗೆ ಬಂದದ್ದನ್ನು ಮಧು ಬಂಗಾರಪ್ಪ ಅವರ ಕಾಲದಲ್ಲಿ 9 ಮತ್ತು 11ಕ್ಕೂ ವಿಸ್ತರಿಸಲಾಯಿತು. ಪಠ್ಯಪುಸ್ತಕದಲ್ಲಿ ಬದ್ಧ ವಿರೋಧಿಗಳಾದ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಒಂದೇ ದಾರಿ ಹಿಡಿದು, ಎರಡು ವರ್ಷವೂ ಪರೀಕ್ಷೆಯ ಹೊಸ್ತಿಲಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಗಳಿಗೆ ತಡೆ ನೀಡಿತು.

ಮುಂದಿನ ಯೋಜನೆಗಳಲ್ಲಿ ಮೊದಲನೆಯದು ಮತ್ತೆ ಅಂಕದ್ದೇ. 2025ರ ಅಕ್ಟೋಬರ್‌ನಲ್ಲಿ ಸಚಿವರು ಪ್ರಕಟಿಸಿದಂತೆ, 2025–26ನೆಯ ಸಾಲಿನಿಂದ ಉತ್ತೀರ್ಣತೆಗೆ ಶೇ 35ರ ಬದಲು ಒಟ್ಟು ಶೇ 33 ಸಾಕು: 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ 30. ಸಿಬಿಎಸ್‌ಇ ಮಕ್ಕಳಿಗೆ ಇರುವ ಮಿತಿಯೇ ನಮ್ಮ ಮಕ್ಕಳಿಗೂ ಇರಲಿ ಎಂಬ ವಾದಕ್ಕೆ ಅರ್ಥವಿದೆ. ಕೃಪಾಂಕದಂತೆ ಫಲಿತಾಂಶದ ಹೊತ್ತಿಗೆ ದಿಢೀರನೆ ಬಂದದ್ದಲ್ಲ, ಎಲ್ಲರಿಗೂ ಮೊದಲೇ ತಿಳಿಸಿದ ನಿಯಮ ಎಂಬುದೂ ಅದರ ಪರವಾಗಿಯೇ ಇದೆ. ಆದರೆ ಇದರಿಂದ ಹಳೆಯ ಅಳತೆಗೋಲು ಮತ್ತೊಮ್ಮೆ ಬದಲಾಗುತ್ತದೆ. ಶೇಕಡಾವಾರು ಏರಿದಾಗ ಅದರಲ್ಲಿ ಕಲಿಕೆಯ ಪಾಲೆಷ್ಟು, ಎರಡು ಅಂಕಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕನಿಷ್ಠ ಮಂಡಳಿಯು ಹಳೆಯ ಮಿತಿಯ ಪ್ರಕಾರ ಎಷ್ಟಾಗುತ್ತಿತ್ತು ಎಂಬ ಅಂಕಿಯನ್ನೂ ಜೊತೆಗೇ ಪ್ರಕಟಿಸಬೇಕು.

ಎರಡನೆಯದು ನೀತಿ. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟು, ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ ಮತ್ತು ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿತು. ಪಾವಗಡದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೋಷಕರ ಕನಸಿನಲ್ಲಿ ಇಂಗ್ಲಿಷ್. ಕೋಲಾರ, ಚಿಕ್ಕಬಳ್ಳಾಪುರಗಳ ಗಡಿ ಊರುಗಳದ್ದೂ ಇದೇ ಸ್ಥಿತಿ. ಅಲ್ಲಿ ಮಾತೃಭಾಷೆ ಯಾವುದೆಂದು ಬರೆಯುವುದು ಸುಲಭ, ಅದರಲ್ಲಿ ಕಲಿಸುವವರನ್ನು ಹೊಂದಿಸುವುದು ಸುಲಭವಲ್ಲ.

ಮೂರನೆಯದು ಕರ್ನಾಟಕ ಪಬ್ಲಿಕ್ ಶಾಲೆಗಳು. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಓದಿಸುವ ಈ ಶಾಲೆಗಳನ್ನು ಇನ್ನೂ 500 ಕಡೆ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ 2,500 ಕೋಟಿ ರೂಪಾಯಿಗಳಲ್ಲಿ ರೂಪಿಸುವ ಯೋಜನೆ 2025–26ರ ಬಜೆಟ್‌ನಲ್ಲಿ ಬಂತು. ಇಂಗ್ಲಿಷ್ ವಿಭಾಗದ ಆಸೆಗೆ ಖಾಸಗಿ ಶಾಲೆಯ ವ್ಯಾನ್ ಹತ್ತಿಸುತ್ತಿದ್ದ ಪೋಷಕರು ಇಂಥ ಕಡೆ ಸರ್ಕಾರಿ ಶಾಲೆಗೆ ಮರಳುತ್ತಾರೆ. ಆದರೆ ಸುತ್ತಲಿನ ಚಿಕ್ಕ ಶಾಲೆಗಳನ್ನು ಇದರಲ್ಲಿ ವಿಲೀನ ಮಾಡುತ್ತಾರೆಂಬ ಆತಂಕದಿಂದ ವಿದ್ಯಾರ್ಥಿ ಸಂಘಟನೆಗಳು ಪ್ರತಿಭಟಿಸುತ್ತಿವೆ, ಹಟ್ಟಿಗಳು ಚದುರಿರುವ ಶಿರಾ, ಪಾವಗಡದ ಕಡೆ ಆ ಆತಂಕ ಹುರುಳಿಲ್ಲದ್ದಲ್ಲ.

ಇಷ್ಟಾಗಿಯೂ ಕಲಿಕೆಯ ಹೊಣೆ ಕೊನೆಗೆ ಬಂದು ನಿಲ್ಲುವುದು ಖಾಲಿ ಹುದ್ದೆಗಳ ಮೇಲೆ. 1990ರ ದಶಕದಲ್ಲಿ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರನ್ನು ಹಳಬರು ಇಂದಿಗೂ ನೆನೆಯುವುದು ಫಲಿತಾಂಶದ ಅಂಕಿಗಾಗಿ ಅಲ್ಲ, ಲಂಚದ ಮಾತಿಲ್ಲದೆ ಅಂಕಗಳ ಆಧಾರದಲ್ಲಿ ಲಕ್ಷದಷ್ಟು ಶಿಕ್ಷಕರನ್ನು ನೇಮಿಸಿದ್ದಕ್ಕಾಗಿ. ಹೀಗೆ ಬಂದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿರುವಾಗ, ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು, ಆ ತೀರ್ಮಾನಕ್ಕೆ 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ನಡುವೆ ಪಾಠ ಸಾಗಿದ್ದು ಅತಿಥಿ ಶಿಕ್ಷಕರಿಂದ. 2025–26ರ ಬಜೆಟ್‌ನಲ್ಲಿ ಅವರ ಗೌರವಧನ ತಿಂಗಳಿಗೆ 2,000 ರೂಪಾಯಿ ಹೆಚ್ಚಿತು. ಶಾಲಾ ವರ್ಷ ಮುಗಿದಾಗ ಅವರ ಅವಧಿಯೂ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಆದೇಶ ಬರಬೇಕು. ಪರೀಕ್ಷೆ–1ರಲ್ಲಿ ಗಣಿತ ಬಿಟ್ಟ ಹುಡುಗ ಪರೀಕ್ಷೆ–2ಕ್ಕೆ ಓದಲು ಕುಳಿತಾಗ, ವರ್ಷವಿಡೀ ಅವನಿಗೆ ಗಣಿತ ಹೇಳಿಕೊಟ್ಟವರು ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ.