ಹಡಗು ಹತ್ತಿ ಹೋದ ದ್ವೀಪ

1899ರಲ್ಲಿ ಸಿಡ್ನಿಯ ಒಂದು ಕಂಪನಿಯ ಕಚೇರಿಯಲ್ಲಿ ಬಾಗಿಲಿಗೆ ಒಂದು ಕಲ್ಲನ್ನು ಅಡ್ಡ ಇಟ್ಟಿದ್ದರು. ಮರವೇ ಕಲ್ಲಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಅನುಮಾನದಿಂದ ಅದನ್ನು ಪರೀಕ್ಷಿಸಿದ. ಅದು ಗೊಬ್ಬರ ಮಾಡಲು ಬೇಕಾದ ಒಳ್ಳೆಯ ಫಾಸ್ಫೇಟ್ ಆಗಿತ್ತು! ಕಲ್ಲು ಬಂದದ್ದು ಪೆಸಿಫಿಕ್ ಸಾಗರದ ನೌರು ದ್ವೀಪದಿಂದ. ಹತ್ತಿರದ ಬನಾಬಾದಲ್ಲೂ ಇದೇ ಇರಬಹುದೆಂದು ಎಲ್ಲಿಸ್ 1900ರ ಮೇನಲ್ಲಿ ಅಲ್ಲಿಗೆ ಹೋದ. ಇತ್ತು. ಸುಮಾರು 6 ಚದರ ಕಿಲೋಮೀಟರಿನ ಪುಟ್ಟ ದ್ವೀಪದ ತುಂಬಾ ಇತ್ತು.

ಎಷ್ಟೋ ಸಾವಿರ ವರ್ಷ ಕಡಲಹಕ್ಕಿಗಳು ಹಾಕಿದ ಹಿಕ್ಕೆ ಅದು. ಮಳೆನೀರು ಹಿಕ್ಕೆಯ ರಂಜಕವನ್ನು (ಫಾಸ್ಫರಸ್) ಕೆಳಗಿಳಿಸಿತು. ಅದು ಹವಳದ ಸುಣ್ಣಕಲ್ಲಿನ ಜೊತೆ ಸೇರಿ ಗಟ್ಟಿಯಾಯಿತು. ಈ ಕಲ್ಲಿನ ಪುಡಿಗೆ ಗಂಧಕಾಮ್ಲ ಬೆರೆಸಿದರೆ ಸೂಪರ್ ಫಾಸ್ಫೇಟ್ ಸಿಗುತ್ತದೆ. ನಮ್ಮ ರೈತರಿಗೂ ಗೊತ್ತಿರುವ ಗೊಬ್ಬರವೇ. ಆಸ್ಟ್ರೇಲಿಯಾದ ಹಳೆಯ ಮಣ್ಣಿನಲ್ಲಿ ರಂಜಕ ತುಂಬಾ ಕಡಿಮೆ. ಅಲ್ಲಿನ ಗೋಧಿ ಹೊಲಕ್ಕೆ, ಕುರಿ ಮೇಯುವ ಹುಲ್ಲಿಗೆ ಇದು ಬೇಕೇ ಬೇಕಿತ್ತು.

ಕಂಪನಿ ಮಾಡಿಕೊಂಡ ಒಪ್ಪಂದ ಹೀಗಿತ್ತು: ವರ್ಷಕ್ಕೆ 50 ಪೌಂಡ್, 999 ವರ್ಷಕ್ಕೆ. ಬನಾಬಾದಲ್ಲಿ ಒಂದೊಂದು ತುಂಡು ನೆಲಕ್ಕೂ ಬೇರೆ ಬೇರೆ ಒಡೆಯರಿದ್ದರು. ಎಲ್ಲರ ಪರವಾಗಿ ಸಹಿ ಹಾಕುವ ಹಕ್ಕು ಯಾರಿಗೂ ಇರಲಿಲ್ಲ. ಮರುವರ್ಷ ಬ್ರಿಟನ್ ದ್ವೀಪವನ್ನು ತನ್ನದೆಂದು ಘೋಷಿಸಿತು. 1920ರಿಂದ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳೇ ಸೇರಿ ಗಣಿ ನಡೆಸಿದವು. ತಮ್ಮ ರೈತರಿಗೆ ಅಸಲು ಬೆಲೆಗೇ ಫಾಸ್ಫೇಟ್ ಕೊಟ್ಟವು. ನನಗೆ ಜಾಸ್ತಿ ನೋವು ಕೊಡುವುದು ಇದೇ. ಬೆಲೆ ಕಡಿಮೆ ಇಟ್ಟಷ್ಟೂ ದ್ವೀಪದವರ ಪಾಲು ಕರಗುತ್ತಿತ್ತು, ಅಲ್ವಾ? ಅಲ್ಲಿ ಆಳುವವರೂ ಅವರೇ, ಕೊಳ್ಳುವವರೂ ಅವರೇ.

ಬನಾಬಾದಲ್ಲಿ ಹೊಳೆಯಿಲ್ಲ. ಬರಗಾಲದಲ್ಲಿ ನೆಲದಡಿಯ ಗುಹೆಗಳ ನೀರೇ ಗತಿ. ಅದಕ್ಕೆ ಇಳಿಯುತ್ತಿದ್ದವರು ಹೆಂಗಸರು ಮಾತ್ರ. ಗಣಿ ಆ ಗುಹೆಗಳನ್ನೂ ಹಾಳು ಮಾಡಿತು.

ಎರಡನೇ ಮಹಾಯುದ್ಧ ಮುಗಿದಾಗ, 1945ರ ಡಿಸೆಂಬರಿನಲ್ಲಿ, ಬನಾಬಾದ ಜನರನ್ನು 2000 ಕಿಲೋಮೀಟರಿಗಿಂತ ದೂರದ ಫಿಜಿಯ ರಾಂಬಿ ದ್ವೀಪಕ್ಕೆ ಸಾಗಿಸಿದರು. ಚಂಡಮಾರುತದ ಕಾಲ ಅದು. ಇರಲು ಕೊಟ್ಟದ್ದು ಡೇರೆಗಳು. ರಾಂಬಿಯನ್ನು ಕೊಂಡದ್ದೂ ಅವರದೇ ಫಾಸ್ಫೇಟ್ ಹಣದಿಂದ.

ತಮಗೆ ನ್ಯಾಯವಾದ ಪಾಲು ಸಿಗಲಿಲ್ಲವೆಂದು ಅವರು ಬ್ರಿಟಿಷ್ ಸರ್ಕಾರದ ಮೇಲೆ ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದರು. ನ್ಯಾಯಾಧೀಶ ಮೆಗರಿ ಬನಾಬಾಕ್ಕೇ ಹೋಗಿ, ಮಣ್ಣು ಕಿತ್ತ ಮೇಲೆ ಉಳಿದಿದ್ದ ಸುಣ್ಣಕಲ್ಲಿನ ಚೂಪು ಕಂಬಗಳನ್ನು ಕಣ್ಣಾರೆ ನೋಡಿದರು. 1976ರಲ್ಲಿ ತೀರ್ಪು ಬಂತು. ಸರ್ಕಾರಕ್ಕೆ ಇದ್ದದ್ದು ಆಳುವವರ ಹೊಣೆ, ಅದನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲು ಆಗುವುದಿಲ್ಲ ಅಂದರು.

1979ರಲ್ಲಿ ಗಣಿ ನಿಂತಿತು. ಅದೇ ವರ್ಷ ಬನಾಬಾ ಹೊಸ ದೇಶ ಕಿರಿಬಾಸ್‌ಗೆ ಸೇರಿತು. ಅಲ್ಲಿನ ಸಂಸತ್ತಿನಲ್ಲಿ ರಾಂಬಿಯ ಬನಾಬಾದವರಿಗೂ ಒಂದು ಕುರ್ಚಿ ಇದೆ.