ಮಂಗಳನಿಂದ ಮಾತು ಬರುವ ದಾರಿ

1965ರ ಜುಲೈ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎಂಜಿನಿಯರುಗಳು ಕಾಗದದ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ, ಮೇಲಿನ ಅಂಕಿ ನೋಡಿಕೊಂಡು ಬಣ್ಣದ ಕಡ್ಡಿಯಿಂದ ತುಂಬುತ್ತಿದ್ದರು. ನಾಸಾದ ಮ್ಯಾರಿನರ್-4 ನೌಕೆ ಕಳಿಸಿದ ಮಂಗಳನ ಮೊದಲ ಚಿತ್ರ ಮೂಡಿದ್ದು ಹಾಗೆ. ಸೆಕೆಂಡಿಗೆ ಸುಮಾರು 8 ಬಿಟ್ ಬರುತ್ತಿತ್ತು. ಒಂದು ಚಿತ್ರಕ್ಕೆ ಎಂಟು ಗಂಟೆ. ಕಂಪ್ಯೂಟರ್ ಚಿತ್ರ ಮಾಡಿಕೊಡುವವರೆಗೆ ಅವರಿಗೆ ತಡೆಯಲಾಗಲಿಲ್ಲ.

ದೂರ ಎರಡು ಪಟ್ಟಾದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ. 1977ರಲ್ಲಿ ಹೊರಟು ಈಗ ಸೂರ್ಯನಿಂದ ಬಲು ದೂರ ಹೋಗಿರುವ ನಾಸಾದ ವಾಯೇಜರ್-1 ನೌಕೆಯ ಟ್ರಾನ್ಸ್‌ಮಿಟರ್ ಶಕ್ತಿ ಸುಮಾರು 23 ವ್ಯಾಟ್, ಮನೆಯ ಬಲ್ಬಿನಷ್ಟು. ಆ ಸಣ್ಣ ದನಿ ಹಿಡಿಯಲು ನಾಸಾ 70 ಮೀಟರ್ ಅಗಲದ ಆಂಟೆನಾಗಳನ್ನೇ ನಿಲ್ಲಿಸಿದೆ. ಭೂಮಿ ತಿರುಗುತ್ತಲೇ ಇರುತ್ತದಲ್ವಾ, ಅದಕ್ಕೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಮೂರೂ ಕಡೆ ಬೇಕು. 2023ರ ನವೆಂಬರಿನಲ್ಲಿ ವಾಯೇಜರ್ ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಹೆಚ್ಚುಕಡಿಮೆ ಎರಡು ದಿನ. ಕೆಟ್ಟುಹೋದ ಮೆಮೊರಿ ಚಿಪ್‌ನಲ್ಲಿದ್ದ ಕೋಡನ್ನು ಬೇರೆಡೆ ಸರಿಸಿ, 2024ರ ಏಪ್ರಿಲ್‌ನಲ್ಲಿ ಅದರ ಮಾತು ಮತ್ತೆ ಅರ್ಥವಾಗುವಂತೆ ಮಾಡಿದರು. ಅಂಥ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ನಮ್ಮ ಕಿವಿ ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿ. ಚಂದ್ರಯಾನ-1ಕ್ಕಾಗಿ 2008ರಲ್ಲಿ ಇಸ್ರೋ ಅಲ್ಲಿ 32 ಮೀಟರ್ ಆಂಟೆನಾ ನಿಲ್ಲಿಸಿತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಲು ಮಂಗಳಯಾನದ ಎಂಜಿನ್ ಉರಿಯಬೇಕಿತ್ತು. ಸಿಗ್ನಲ್ ಬರಲು ಸುಮಾರು 12 ನಿಮಿಷ ಬೇಕು. ಸಾಲದೆಂದು ನೌಕೆ ಮಂಗಳನ ಮರೆಗೆ ಹೋಗಿತ್ತು. ಇಲ್ಲಿಂದ ಏನೂ ಮಾಡುವ ಹಾಗಿರಲಿಲ್ಲ. ಏನು ಮಾಡಬೇಕೆಂದು ಮೊದಲೇ ಕಲಿಸಿ ಕಳಿಸಿದ್ದರು, ಅದು ತಾನೇ ಮಾಡಿ ಮುಗಿಸಿತು.

ಈಗ ರೇಡಿಯೋ ಜೊತೆಗೆ ಲೇಸರ್ ಬರುತ್ತಿದೆ. 2023ರ ಡಿಸೆಂಬರಿನಲ್ಲಿ ನಾಸಾದ ಸೈಕಿ ನೌಕೆ ಲೇಸರ್ ಮೂಲಕ 3.1 ಕೋಟಿ ಕಿ.ಮೀ. ದೂರದಿಂದ ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ ಒಂದು ಬೆಕ್ಕಿನ ವಿಡಿಯೋ ಕಳಿಸಿತು. ಮೋಡ ಕವಿದರೆ ಲೇಸರ್ ನಿಂತುಹೋಗುತ್ತದೆ, ಹಾಗಾಗಿ ರೇಡಿಯೋ ಬಿಡುವಂತಿಲ್ಲ.

ಲೇಸರಿನಲ್ಲಿ ಜಾಸ್ತಿ ಮಾಹಿತಿ ಬರುತ್ತದೆ, ಬೇಗ ಬರುವುದಿಲ್ಲ. ಬೆಳಕಿನ ವೇಗ ಅಷ್ಟೇ. ಮಂಗಳ ತೀರಾ ದೂರವಿದ್ದಾಗ ಒಂದು ಮಾತು ತಲುಪಲು ಸುಮಾರು 22 ನಿಮಿಷ, ಉತ್ತರಕ್ಕೆ ಇನ್ನಷ್ಟೇ. ಅಲ್ಲಿ ಮನುಷ್ಯರಿದ್ದು, ಯಾರಿಗಾದರೂ ಎದೆನೋವು ಬಂದರೆ? ಇದಕ್ಕೇ ನಾಸಾ ಹ್ಯೂಸ್ಟನ್ನಿನಲ್ಲಿ ಮಂಗಳದ ಮನೆಯಂಥದ್ದನ್ನು ಕಟ್ಟಿ, 2023ರ ಜೂನಿನಿಂದ 378 ದಿನ ನಾಲ್ವರನ್ನು ಇರಿಸಿತು. ಹೊರಗಿನ ಮಾತು ಬೇಕೆಂದೇ ತಡವಾಗಿ ತಲುಪುತ್ತಿತ್ತು. ಉತ್ತರ ಬರುವಷ್ಟರಲ್ಲಿ ಏನು ಮಾಡಬೇಕೆಂದು ಆ ನಾಲ್ವರೇ ತೀರ್ಮಾನಿಸಬೇಕಿತ್ತು.