ಎಲೆಯ ಬಾಯಿಂದ ಒಳಹೊಕ್ಕ ಓಝೋನ್

ದಾವಣಗೆರೆಯಲ್ಲಿ ವಾಯುಮಾಲಿನ್ಯದ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ದೂಳು. ಪಿ.ಬಿ. ರಸ್ತೆಯ ಬದಿಯ ಹೊಂಗೆಮರದ ಎಲೆಯೊಂದನ್ನು ಬೇಸಿಗೆಯಲ್ಲಿ ಹೆಬ್ಬೆರಳಿನಿಂದ ಉಜ್ಜಿದರೆ ಬೆರಳಿಗೆ ಬೂದುಬಣ್ಣದ ಪುಡಿ ಹತ್ತುತ್ತದೆ, ಉಜ್ಜಿದ ಜಾಗದಲ್ಲಿ ಹಸಿರು ಹೊಳೆಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ದಾವಣಗೆರೆಯೂ ಅದರ ಪಟ್ಟಿಗೆ ಸೇರಿತು. ಆ ಕಾರ್ಯಕ್ರಮದ ಗುರಿಗಳೂ ದೂಳಿನ ಕಣಗಳ ಲೆಕ್ಕದಲ್ಲಿಯೇ ಇವೆ. ಓಝೋನ್ ಹಾಗೆ ಬೆರಳಿಗೆ ಹತ್ತುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಮರವು ಯಾವ ಬಾಯಿಂದ ಆಹಾರಕ್ಕೆ ಬೇಕಾದ ಗಾಳಿಯನ್ನು ಎಳೆದುಕೊಳ್ಳುತ್ತದೆಯೋ ಅದೇ ಬಾಯಿಂದ ಅದು ಎಲೆಯ ಒಳಗೆ ಹೋಗುತ್ತದೆ.

ಓಝೋನ್ ಎಂದೊಡನೆ ನಮಗೆ ಭೂಮಿಯ ಮೇಲಿನ ರಕ್ಷಾಪದರ ಮತ್ತು 1987ರ ಮಾಂಟ್ರಿಯಲ್ ಒಪ್ಪಂದ ನೆನಪಾಗುವುದು ಸಹಜ. ಅಣು ಅದೇ, ಇರುವ ಜಾಗ ಬೇರೆ. ನೆಲಮಟ್ಟದ ಓಝೋನನ್ನು ಯಾವ ಹೊಗೆಕೊಳವೆಯೂ ನೇರವಾಗಿ ಉಗುಳುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳಿಂದ ಬಂದ ಸಾರಜನಕದ ಆಕ್ಸೈಡುಗಳು ಪೆಟ್ರೋಲು, ದ್ರಾವಕಗಳಂಥವುಗಳ ಆವಿಯೊಂದಿಗೆ ಬಿಸಿಲಿನಲ್ಲಿ ವರ್ತಿಸಿದಾಗ ಅದು ಗಾಳಿಯಲ್ಲಿಯೇ ಹುಟ್ಟುತ್ತದೆ.

ಈ ಸಂಗತಿ ತಿಳಿದದ್ದು ತಡವಾಗಿ, ಅದರ ಮೊದಲ ಸುಳಿವು ಕೊಟ್ಟವುಗಳಲ್ಲಿ ಗಿಡಗಳೂ ಇದ್ದವು. 1943ರ ಬೇಸಿಗೆಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿ ತರುವ ಮಬ್ಬು ಆವರಿಸಿತು. ಮರುವರ್ಷ ಅಲ್ಲಿನ ಸುತ್ತಮುತ್ತಲ ಸೊಪ್ಪಿನ ಬೆಳೆಗಳಲ್ಲಿ ಹಿಂದೆ ಕಂಡರಿಯದ ಎಲೆಹಾನಿ ಕಾಣಿಸಿತು. ಅನಾನಸಿನ ಪರಿಮಳದ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದ ಜೀವರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಈ ಮಬ್ಬಿನತ್ತ ತಿರುಗಿ, 1950ರ ದಶಕದ ಆರಂಭದಲ್ಲಿ ಅದರಲ್ಲಿನ ಓಝೋನ್ ಬಿಸಿಲಿನಲ್ಲಿ ಹುಟ್ಟುವ ಬಗೆಯನ್ನು ತೋರಿಸಿಕೊಟ್ಟರು. ಅದೇ ದಶಕದಲ್ಲಿ ಆ ನಗರದ ಪೂರ್ವಕ್ಕಿರುವ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳ ಪೊಂಡೆರೋಸಾ ಪೈನ್ ಮರಗಳ ಸೂಜಿಎಲೆಗಳು ಹಳದಿ ಚುಕ್ಕೆಗಟ್ಟಿ ಅವಧಿಗೆ ಮುನ್ನವೇ ಉದುರತೊಡಗಿದ್ದವು, ಕಾರಣ ಮಾತ್ರ ತಿಳಿದಿರಲಿಲ್ಲ. 1960ರ ದಶಕದಲ್ಲಿ ಆರೋಗ್ಯವಾಗಿದ್ದ ಪೈನ್ ಗಿಡಗಳಿಗೆ ಓಝೋನ್ ಹಾಯಿಸಿ ನೋಡಿದಾಗ ಅದೇ ಲಕ್ಷಣ ಮೂಡಿತು. ಹಾಗೆ ಸೊರಗಿದ ಮರಗಳನ್ನು ಕೊನೆಗೆ ಕೊಲ್ಲುತ್ತಿದ್ದುದು ಹೆಚ್ಚಾಗಿ ತೊಗಟೆ ಕೊರೆಯುವ ಹುಳು. ಹುಳುವನ್ನಷ್ಟೇ ನೋಡಿದವರಿಗೆ ಮೂಲ ಕಾರಣ ತಿಳಿಯುವಂತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಎಲೆಯ ಒಳಗೆ ನಡೆಯುವುದೇನು? ಹೆಚ್ಚಿನ ಮರಗಳಲ್ಲಿ ಎಲೆಯ ಕೆಳಮೈಯಲ್ಲಿ ಪತ್ರರಂಧ್ರಗಳಿರುತ್ತವೆ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶಗಳು ತುಟಿಗಳಂತೆ ಇರುತ್ತವೆ. ಅವು ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ, ಗಾಳಿಯಲ್ಲಿದ್ದರೆ ಓಝೋನ್ ಸಹ ಒಳಬರುತ್ತದೆ. ಕೋಶಗಳ ಹೊರಗೋಡೆಯ ತೇವ ತಾಕಿದೊಡನೆ ಅದು ಒಡೆದು ತೀವ್ರವಾಗಿ ವರ್ತಿಸುವ ಆಮ್ಲಜನಕದ ರೂಪಗಳಾಗುತ್ತದೆ. ವಿಟಮಿನ್ ಸಿ ಎಂದು ನಾವು ಕರೆಯುವ ಆಸ್ಕಾರ್ಬಿಕ್ ಆಮ್ಲವೇ ಅಲ್ಲಿ ಎಲೆಯ ಮೊದಲ ಕಾವಲು. ಅದು ಸಾಲದೆ ಹೋದಾಗ ಕೋಶಪೊರೆಗಳು ಹಾಳಾಗುತ್ತವೆ, ಇಂಗಾಲವನ್ನು ಹಿಡಿದಿಡುವ ರುಬಿಸ್ಕೊ ಎಂಬ ಕಿಣ್ವ ಕಡಿಮೆಯಾಗುತ್ತದೆ, ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ, ಎಲೆ ಬೇಗ ಮುಪ್ಪಾಗುತ್ತದೆ. ಇದೇ ಹೊತ್ತಿನಲ್ಲಿ ರಿಪೇರಿಯ ಖರ್ಚೂ ಬೆಳೆಯುತ್ತದೆ: ಕೆಟ್ಟದ್ದನ್ನು ಸರಿಪಡಿಸಲು ಶಕ್ತಿ ಬೇಕು, ಅದಕ್ಕಾಗಿ ಉಸಿರಾಟ ಹೆಚ್ಚುತ್ತದೆ, ಕೂಡಿಟ್ಟ ಸಕ್ಕರೆ ಕರಗುತ್ತದೆ. ಗಳಿಕೆ ಇಳಿದು ಖರ್ಚು ಏರಿದ ಮರವು ಮೊದಲು ಕೈಬಿಡುವುದು ಬೇರನ್ನು.

ನೀರಿನ ಲೆಕ್ಕ ಇನ್ನಷ್ಟು ತೊಡಕಿನದು. ಆರಂಭದಲ್ಲಿ ರಂಧ್ರಗಳು ಕಿರಿದಾಗಿ ನೀರು ಉಳಿಯುವಂತೆ ತೋರುತ್ತದೆ. ಓಝೋನ್ ದಿನಗಟ್ಟಲೆ ಮುಂದುವರಿದರೆ ಕಾವಲು ಕೋಶಗಳೇ ಮಂಕಾಗುತ್ತವೆ. ಬಿಸಿಲೇರಿ ಮಣ್ಣು ಒಣಗಿದರೂ ಬೇಗ ಮುಚ್ಚುವುದಿಲ್ಲ, ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವಭಾಗದ ಕಾಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ಓಝೋನ್ ಏರಿದಾಗ ಮರಗಳ ನೀರಿನ ಬಳಕೆ ಹೆಚ್ಚಿದ್ದನ್ನೂ ಹಳ್ಳಗಳ ಹರಿವು ತಗ್ಗಿದ್ದನ್ನೂ ದಾಖಲಿಸಿತು. ಮಳೆ ಕಡಿಮೆಯಿರುವ ಚಿತ್ರದುರ್ಗದ ಸೀಮೆಯವರಾದ ನಮಗೆ ಇದು ದೂರದ ಸುದ್ದಿಯಲ್ಲ.

ಆದರೆ ಅಲ್ಲಿನದನ್ನು ಇಲ್ಲಿಗೆ ಹಾಗೆಯೇ ತಂದು ಹೊಂದಿಸುವುದು ಸರಿಯಲ್ಲ. ನೀರಿಲ್ಲದ ಮರವು ರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಅದರೊಳಗೆ ಹೋಗುವ ಓಝೋನ್ ಸಹ ಕಡಿಮೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ಕುರುಚಲು ಕಾಡಿಗೆ ಬೇಸಿಗೆಯ ಬರವೇ ಒಂದು ಮಟ್ಟಿಗೆ ಕವಚವಾಗಬಹುದು. ಟ್ಯಾಂಕರ್ ನೀರು ಕುಡಿದ ಬೀದಿಬದಿಯ ಸಸಿಗೂ ಚನ್ನಗಿರಿಯ ನೀರಾವರಿ ತೋಟಕ್ಕೂ ಆ ಕವಚವಿಲ್ಲ, ಏಕೆಂದರೆ ಅವುಗಳ ಎಲೆಯ ಬಾಯಿ ಬಿಸಿಲಿನಲ್ಲೂ ತೆರೆದಿರುತ್ತದೆ. ಎಲೆಯ ಚುಕ್ಕೆಯೆಲ್ಲ ಓಝೋನಿನದೂ ಅಲ್ಲ. ಹೊಂಗೆಯ ಎಲೆಯಲ್ಲಿ ಗಂಟು ಕಟ್ಟುವುದು ಹೆಚ್ಚಾಗಿ ನುಸಿಗಳ ಕೆಲಸ. ಅಗಲ ಎಲೆಗಳಲ್ಲಿ ಓಝೋನಿನ ಗುರುತು ಸಾಮಾನ್ಯವಾಗಿ ಮೇಲ್ಮೈಯಲ್ಲಿ, ನರಗಳನ್ನು ಬಿಟ್ಟು ಅವುಗಳ ನಡುವೆ, ಹೊಸ ಎಲೆಗಿಂತ ಹಳೆಯ ಎಲೆಯಲ್ಲಿ ಹೆಚ್ಚಾಗಿ ಕಾಣುತ್ತದೆ.

ಅಳತೆಯ ವಿಷಯದಲ್ಲಿ ನನ್ನ ಆಕ್ಷೇಪವಿದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಎಂಟು ಗಂಟೆಗಳ ಓಝೋನ್ ಸರಾಸರಿ ಘನಮೀಟರಿಗೆ 100 ಮೈಕ್ರೊಗ್ರಾಂ ಮೀರಬಾರದು. ಯುರೋಪಿನಲ್ಲಿ ಸಸ್ಯಗಳಿಗಾಗಿ ಮಾಡುವ ಲೆಕ್ಕ ಬೇರೆ: ಹಗಲಿನ ಪ್ರತಿ ಗಂಟೆಯಲ್ಲೂ ಶತಕೋಟಿಗೆ 40 ಭಾಗ, ಅಂದರೆ ಸುಮಾರು 80 ಮೈಕ್ರೊಗ್ರಾಂ ಮೀರಿದ್ದನ್ನೆಲ್ಲ ಋತುವಿನುದ್ದಕ್ಕೂ ಕೂಡಿಸುತ್ತಾರೆ. ಹೀಗಾಗಿ ಸರಾಸರಿ 95 ಇದ್ದ ದಿನ ನಮ್ಮ ಕಡತದಲ್ಲಿ ಪಾಸಾಗುತ್ತದೆ, ಮರದ ಖಾತೆಯಲ್ಲಿ ಮಾತ್ರ ಬಾಕಿಯಾಗಿ ಸೇರುತ್ತದೆ. ಇದಲ್ಲದೆ, ವಾಹನದಟ್ಟಣೆಯ ರಸ್ತೆಯಲ್ಲಿ ಹೊಸದಾಗಿ ಬಂದ ನೈಟ್ರಿಕ್ ಆಕ್ಸೈಡ್ ಅಲ್ಲಿನ ಓಝೋನನ್ನೇ ನುಂಗಿಹಾಕುವುದರಿಂದ, ನಗರದ ಮಧ್ಯಕ್ಕಿಂತ ಗಾಳಿ ಸಾಗುವ ದಿಕ್ಕಿನ ಊರಾಚೆಯ ಹೊಲ-ತೋಟಗಳಲ್ಲಿ ಅದು ಹೆಚ್ಚಿರುವುದು ಸಾಮಾನ್ಯ. ವೃತ್ತದ ಪಕ್ಕದಲ್ಲಿ ನಿಲ್ಲಿಸಿದ ಯಂತ್ರವು ದೂಳನ್ನು ಸರಿಯಾಗಿ ಹೇಳೀತು. ಮರಗಳ ಪಾಡನ್ನು ತಿಳಿಯಲು ಇನ್ನೊಂದು ಯಂತ್ರವನ್ನು ಆ ತೋಟಗಳ ನಡುವೆ, ಮಾರ್ಚಿಯಿಂದ ಮೇವರೆಗಿನ ಬಿಸಿಲಿನಲ್ಲಿ ನಿಲ್ಲಿಸಬೇಕಾಗುತ್ತದೆ.